ಗೇರು ಒಂದೇ, ತಿರುವು ಹದಿನೆಂಟು

ಕೊಳ್ಳೇಗಾಲ

ಮೊದಲೇ ಒಂದು ಬುದ್ಧಿಮಾತು ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಎದುರಿನವರು ಹೇಳಿದ ಮೊದಲ ಮಾತು ನಿಮಗೆ ಲಾಭದ್ದೆಂದು ಕಂಡರೂ ಸರಿ, ಒಂದು ಸಲವಾದರೂ ಚೌಕಾಸಿ ಮಾಡಿ. ನಾನು ಮಾಡಲಿಲ್ಲ. ಅದರ ಫಲವನ್ನು ನನ್ನ ಮೊಣಕಾಲುಗಳು ಶ್ರೀಲಂಕಾದಲ್ಲಿ ಉಂಡವು.

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನ ಸೈಕಲ್ ಅಂಗಡಿ. ಒಂದು ಪಂಪು, ಒಂದು ಬಾಂಡಲಿ ನೀರು, ಹೊಂಗೆಮರದ ನೆರಳು, ಇಷ್ಟು ಇಟ್ಟುಕೊಂಡು ಪಂಕ್ಚರ್ ಹಾಕುತ್ತಾ ಶುರು ಮಾಡಿದವನು ನಾನು. ಈಗ ಮೂರು ಶಟರ್ ಇವೆ. ನಡುವಿನ ಶಟರ್ ಮೇಲೆ ನಾನೇ ಬಣ್ಣದಲ್ಲಿ ಬರೆದ ಬೋರ್ಡು: 'ಗೇರ್ ಬೇಕಿಲ್ಲ. ಕಾಲಿದ್ದರೆ ಸಾಕು.'

ಡಿಗ್ರಿ ಮುಗಿಸಿ ಗಲ್ಲಾದಲ್ಲಿ ಕೂರುವ ನನ್ನ ಮಗಳು ಸುಷ್ಮಾಗೆ ಈ ಬೋರ್ಡು ಕಂಡರೆ ಆಗದು.

"ಅಪ್ಪಾ, ಬೆಳಗ್ಗೆಯಿಂದ ಇಬ್ಬರು ಗೇರ್ ಸೈಕಲ್ ಕೇಳಿ ವಾಪಸ್ ಹೋದ್ರು. ನೀವು ಬೋರ್ಡು ತೋರಿಸಿ ಕಳಿಸ್ತೀರಿ, ಅವರು ಮೈಸೂರಿಗೆ ಹೋಗಿ ತರ್ತಾರೆ."

"ಭಾನುವಾರ ಭಾನುವಾರ ಮಾದಪ್ಪನ ಬೆಟ್ಟ ಹತ್ತಿ ಬರ್ತೀನಲ್ಲಮ್ಮ ನಾನು. ಯಾವ ಗೇರಿದೆ ನನ್ನ ಸೈಕಲ್ಲಿಗೆ?"

"ಆ ಬೆಟ್ಟದ ಒಂದೊಂದು ಗುಂಡಿನೂ ನಿಮಗೆ ಗೊತ್ತು. ಕಾಣದ ಬೆಟ್ಟ ಒಂದು ಹತ್ತಿ ತೋರಿಸಿ. ಆಮೇಲೆ ನಾನು ಗೇರಿನ ಮಾತೇ ಎತ್ತಲ್ಲ."

ಗಿರಾಕಿಗಳು ನಿಂತು ಕೇಳುತ್ತಿದ್ದರು. ಹಿಂದೆ ಸರಿಯುವುದಾದರೂ ಹೇಗೆ? ಬಿಲ್ ಪುಸ್ತಕದ ಒಂದು ಹಾಳೆಯ ಹಿಂಬದಿಯಲ್ಲಿ ಒಪ್ಪಂದ ಬರೆದೆವು. ನಾನು ತಳ್ಳದೆ ಹತ್ತಿದರೆ ಬೋರ್ಡು ಇರುತ್ತದೆ. ತಳ್ಳಿದರೆ ಬೋರ್ಡು ಇಳಿಯುತ್ತದೆ, ನಡುವಿನ ಶಟರ್ ಪೂರಾ ಗೇರ್ ಸೈಕಲ್ಲಿಗೆ. ಷರತ್ತಿನ ಸಾಲನ್ನು ನಾನೇ, ಅವಳು ಮುಂದೆ ಎಳೆದಾಡಬಾರದೆಂದು ತೂಗಿ ನೋಡಿ ಬರೆದೆ: 'ಬೆಟ್ಟ ಮುಗಿಯುವವರೆಗೆ ಎಷ್ಟು ಸಲ ಬೇಕಾದರೂ ನಿಂತು ಸುಧಾರಿಸಿಕೊಳ್ಳಬಹುದು. ಸೈಕಲ್ ತಳ್ಳಿಕೊಂಡು ಒಂದು ಹೆಜ್ಜೆಯನ್ನೂ ಇಡುವಂತಿಲ್ಲ.' ನನ್ನ ಅಕ್ಷರ, ನನ್ನ ಜಾಣತನ. ಈ ಸಾಲನ್ನು ನೆನಪಿಟ್ಟುಕೊಳ್ಳಿ.

ಹನೂರು, ಯಳಂದೂರು

ಅಂಪೈರ್ ಯಾರು? ನನ್ನ ಹೆಂಡತಿಯ ತಮ್ಮ ಮಾದೇವ. ಹನೂರಿನ ಹತ್ತಿರ ಶಾಗ್ಯದಲ್ಲಿ ಬೇಸಾಯ. ಅಕ್ಕನ ಗಂಡನೆಂದು ಒಂದು ಕೂದಲಷ್ಟೂ ಸುಳ್ಳು ಹೇಳುವವನಲ್ಲ. ಊರಲ್ಲಿ ಯಾರ ಬದುವಿನ ಜಗಳವಿದ್ದರೂ ಹೆಜ್ಜೆ ಹಾಕಿ ಅಳೆಯಲು ಇವನನ್ನೇ ಕರೆಯುತ್ತಾರೆ. ಅವನ ಹೆಂಡತಿಯ ತವರು ಗಡಿಯಾಚೆ ಆದ್ದರಿಂದ ತಮಿಳು ಸಲೀಸು. ನಾನು ಎಲ್ಲಿಗೆ ಹತ್ತಿದರೂ ಅವನೂ ಒಂದು ಗೇರಿಲ್ಲದ ಸೈಕಲ್ಲಿನಲ್ಲಿ ಹಿಂದೆ ಬರಬೇಕು. ಅವನು ತಳ್ಳಬಹುದು, ಮಲಗಬಹುದು, ಏನು ಬೇಕಾದರೂ ಮಾಡಬಹುದು. ಅವನಿಗೆ ಷರತ್ತಿಲ್ಲ.

ಅಭ್ಯಾಸಕ್ಕೆಂದು ಇಬ್ಬರೂ ಮಾದಪ್ಪನ ಬೆಟ್ಟ ಹತ್ತಿದೆವು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ತಾಳಬೆಟ್ಟದಲ್ಲಿ ಕಾಯಿ ಒಡೆದು ಹೊರಟರೆ ಇಪ್ಪತ್ತೇಳು ತಿರುವು. ತಿರುವು ಮುಗಿದವೋ, ಏರೂ ಮುಗಿದ ಹಾಗೆಯೇ. ಸೈಕಲ್ಲಿನಲ್ಲಿ ಹೋಗುವ ನಾವೊಂದಿಷ್ಟು ಜನ ಕೊನೆಯ ತಿರುವು ದಾಟಿದ ಮೇಲೆ ಸೀಟಿನ ಮೇಲೆ ಕೂತು ಮಾದಪ್ಪನ ಎದುರಿಗೆ ಹೋಗುವುದಿಲ್ಲ. ಇಳಿದು, ಚಪ್ಪಲಿ ಕಳಚಿ ಹ್ಯಾಂಡಲ್ಲಿಗೆ ಸಿಕ್ಕಿಸಿ, 'ಉಘೇ' ಎಂದು ಕೈಮುಗಿದು, ಸೈಕಲ್ ತಳ್ಳಿಕೊಂಡು ನಡೆಯುತ್ತೇವೆ. ಯಾರೂ ಹೇಳಿಕೊಟ್ಟದ್ದಲ್ಲ, ಕಾಲಿಗೇ ರೂಢಿ.

ಸುಷ್ಮಾ ಮೊದಲು ಆರಿಸಿದ್ದು ಬಿಳಿಗಿರಿರಂಗನ ಬೆಟ್ಟವನ್ನು. ಅದನ್ನು ಬಸ್ಸಿನಲ್ಲಿ ಹತ್ತಿದ್ದೆನೇ ಹೊರತು ಸೈಕಲ್ಲಿನಲ್ಲಲ್ಲ. ಯಳಂದೂರಿನಲ್ಲಿ ಇಡ್ಲಿ ತಿಂದು, ಮೀಸೆ ಒರೆಸಿಕೊಂಡು, ಕಾಡಿನ ಚೆಕ್‌ಪೋಸ್ಟ್ ಮುಟ್ಟಿದೆವು. ಅಲ್ಲಿದ್ದವನು ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

"ಸೈಕಲ್ನಾಗಾ? ಒಳಕ್ಕ ಬುಡಾಂಗಿಲ್ಲ ಸಾ."

"ಯಾಕಪ್ಪ, ಹೊಗೆ ಬಿಡಲ್ಲ, ಹಾರ್ನ್ ಹೊಡೆಯಲ್ಲ."

"ಆನ ಬಂದ್ರ ಸೈಕಲ್ ಬುಟ್ಬುಟ್ಟು ಓಡ್ತೀರ. ಆಮೇಲ ಸೈಕಲ್ ತರಕ್ಕ ಯಾರ್ ಓಗದು, ನಾನಾ?"

ನ್ಯಾಯವಾದ ಮಾತು. ಅಷ್ಟು ನ್ಯಾಯವಾದ ಮಾತಿನ ಮುಂದೆ ಚೌಕಾಸಿ ನಡೆಯುವುದಿಲ್ಲ. ವಾಪಸ್ ಬಂದೆವು.

ಸುಷ್ಮಾ ಎರಡು ದಿನ ಫೋನು ಕೆದಕಿದಳು. "ಅಪ್ಪಾ, ಶ್ರೀಲಂಕಾದಲ್ಲಿ ಒಂದಿದೆ. ಮಹಿಯಂಗನ ಅನ್ನೋ ಊರಿಂದ ಕ್ಯಾಂಡಿ ಕಡೆ ಹೋಗೋ ಘಾಟಿ. ಅದರ ಹೆಸರೇ ಹದಿನೆಂಟು ತಿರುವು."

ಎಷ್ಟು? ಹದಿನೆಂಟಾ? ಇಪ್ಪತ್ತೇಳು ತಿರುವಿನವನಿಗೆ ಹದಿನೆಂಟು! ಮೂರರಲ್ಲಿ ಒಂದು ಭಾಗ ರಿಯಾಯಿತಿ! ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾಳೋ ಎಂದು ಅವಳ ಮಾತು ಮುಗಿಯುವ ಮೊದಲೇ "ಆಯ್ತು" ಎಂದುಬಿಟ್ಟೆ. ಮಾದೇವ ಅನುಮಾನದಿಂದ ನೋಡಿದ. "ಬಾವ, ನೀ ಚೌಕಾಸಿ ಮಾಡ್ದಲೆ ಒಪ್ಕಂಡದ್ದ ನಾ ಇವತ್ತೇ ಕಂಡದ್ದು. ಜರ ಗಿರ ಬಂದದಾ?"

ಕೊಲಂಬೊ ವಿಮಾನ ನಿಲ್ದಾಣ

ಸೈಕಲ್ಲನ್ನು ವಿಮಾನಕ್ಕೆ ಹಾಕುವವರಿಗೆ ಉಚಿತ ಸಲಹೆ: ಪೆಡಲ್ ಬಿಚ್ಚಿ, ಹ್ಯಾಂಡಲ್ ಅಡ್ಡ ತಿರುಗಿಸಿ, ಟೈರಿನ ಗಾಳಿ ಇಳಿಸಿ, ಫ್ರಿಜ್ ಬಂದ ದೊಡ್ಡ ರಟ್ಟಿನ ಡಬ್ಬಿಯಲ್ಲಿ ಮಲಗಿಸಿ. ಎಡಗಡೆಯ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಗೊತ್ತಿಲ್ಲದೆ ಬಲ ಹಾಕಿ ಮುರಿದುಕೊಳ್ಳಬೇಡಿ. ಡಬ್ಬಿಯಲ್ಲಿ ಖಾಲಿ ಉಳಿದ ಜಾಗವನ್ನು ಭಾವಮೈದುನನಿಗೆ ಬಿಟ್ಟುಕೊಡಬೇಡಿ.

ಮಾದೇವ ಆ ಜಾಗಕ್ಕೆ ಹುರಿಹಿಟ್ಟಿನ ಪೊಟ್ಟಣಗಳನ್ನು ತುರುಕಿದ್ದ. ಹುರಿದ ರಾಗಿಯ ಕಂದು ಪುಡಿ, ಅಚ್ಚುಕಟ್ಟಾಗಿ ಪ್ಲಾಸ್ಟಿಕ್ಕಿನಲ್ಲಿ ಬಿಗಿದದ್ದು, ಒಟ್ಟು ಆರು. ಸೈಕಲ್ ಚೌಕಟ್ಟಿನ ಸಂದಿಗೊಂದು ಸಿಕ್ಕಿಸಿದ್ದರೆ ಯಾವ ಅಧಿಕಾರಿಗೆ ತಾನೆ ಅನುಮಾನ ಬರುವುದಿಲ್ಲ? ಕಸ್ಟಮ್ಸಿನ ಹೆಂಗಸು ಒಂದು ಪೊಟ್ಟಣ ಎತ್ತಿ ಹಿಡಿದು ಇಂಗ್ಲಿಷಿನಲ್ಲಿ ಏನಿದು ಎಂದರು. ಮೂಸಿದರು. ಮತ್ತೊಬ್ಬರನ್ನು ಕರೆದರು. ನಾನು ರಾಗಿ, ಫ್ಲೋರ್, ಫುಡ್ ಎಂದು ತೊದಲುತ್ತಿದ್ದೆ. ಅಷ್ಟರಲ್ಲಿ ಮಾದೇವ ತನ್ನ ನೀರಿನ ಬಾಟಲಿ ತೆಗೆದು, ಅಂಗೈಯಲ್ಲಿ ಹಿಟ್ಟು ಸುರಿದುಕೊಂಡು, ಜೇಬಿನ ಬೆಲ್ಲ ಮುರಿದು ಹಾಕಿ, ಕಲಸಿ ಉಂಡೆ ಕಟ್ಟಿ ಬಾಯಿಗೆ ಹಾಕಿಕೊಂಡ. ಇನ್ನೊಂದು ಉಂಡೆ ಕಟ್ಟಿ ಆಯಮ್ಮನ ಮುಂದೆ ಹಿಡಿದ.

"ತಕಳವ್ವ. ಒಟ್ಟ ತಂಪಾಯ್ತದ."

ಆಯಮ್ಮ ಕೈ ಅಡ್ಡ ಮಾಡಿ ನಕ್ಕರು. ಪಕ್ಕದವರು ನಕ್ಕರು. ನಮ್ಮ ಹಿಂದಿನ ಸಾಲೂ ನಕ್ಕಿತು. "ಹರಿ, ಹರಿ" ಎಂದು ಕೈ ಬೀಸಿ ಕಳಿಸಿದರು. ಅವರ ಭಾಷೆಯಲ್ಲಿ ಹಾಗೆಂದರೆ 'ಸರಿ, ಆಯ್ತು' ಎಂದಂತೆ. ಹಣೆ ತುಂಬ ವಿಭೂತಿ ಬಳಿದುಕೊಂಡಿದ್ದ ಮಾದೇವ ಹೊರಗೆ ಬಂದ ಮೇಲೆ, "ಮಾದಪ್ಪನ ಒಕ್ಕಲಾದ ನಂಗ ಅರಿ ಅರಿ ಅಂತಾರಲ್ಲ ಬಾವ, ಇರ್ಲಿ ಬುಡು, ಅವ್ನೂ ದೇವ್ರೇಯ" ಎಂದು ಉದಾರವಾಗಿ ಕ್ಷಮಿಸಿದ.

ಮಹಿಯಂಗನ

ಬಸ್ಸಿನ ತಲೆಯ ಮೇಲೆ ಡಬ್ಬಿ ಹೇರಿಕೊಂಡು ಬಯಲಿನ ಈ ಊರಿಗೆ ಬಂದು ಇಳಿದೆವು. ಬತ್ತದ ಗದ್ದೆ, ಕಾಲುವೆ, ಬೆವರು ಸುರಿಸುವ ಸೆಕೆ. ನಮ್ಮ ಕಾವೇರಿ ಬಯಲಿನಂತೆಯೇ. ಆದರೆ ಬಿಸಿಲು ನೆತ್ತಿಗೇರಿದರೂ ಜನ ಬೈದಾಡುವುದಿಲ್ಲ. ಬಸ್ಸು ಮೈಮೇಲೆ ಬಂದಂತೆ ಬಂದು ನಿಂತರೆ ನಮ್ಮಲ್ಲಿ ಏನೇನು ಕೇಳಿಸುತ್ತಿತ್ತು! ಅಲ್ಲಿ ಒಬ್ಬ ಮುದುಕ ಲುಂಗಿ ಸರಿಪಡಿಸಿಕೊಂಡು ಬಸ್ಸಿಗೇ ನಗು ಬೀರಿ ದಾಟಿದ.

ಇವರು ಟೀಗೆ ಸಕ್ಕರೆ ಹಾಕಿಸಿಕೊಳ್ಳದೆ ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟುಕೊಳ್ಳುತ್ತಾರೆ. ಒಂದು ಗುಟುಕು ಟೀ, ಒಂದು ಕಡಿತ ಬೆಲ್ಲ. ಎಮ್ಮೆಯ ಮೊಸರನ್ನು ಮಣ್ಣಿನ ಕುಡಿಕೆಯಲ್ಲೇ ಕೊಡುತ್ತಾರೆ, ಮೇಲೆ ಬಗನಿ ಮರದ ರಸ ಕಾಯಿಸಿದ ಸಿಹಿ ಪಾಕ. ಕುಡಿಕೆ ವಾಪಸ್ ಕೇಳುವುದಿಲ್ಲ. ಮಾದೇವ ಮೂರು ಕುಡಿಕೆ ತೊಳೆದು ಡಬ್ಬಿಯಲ್ಲಿ ಇಟ್ಟುಕೊಂಡ. ನಾನು ಬೈದೆ. ಆಮೇಲೆ ನಾನೂ ಎರಡು ಇಟ್ಟುಕೊಂಡೆ.

ತಂಗಿದ್ದ ಮನೆಯ ಅಂಗಳದಲ್ಲಿ ಸೈಕಲ್ ಜೋಡಿಸಿದೆ. ನನ್ನ ಒಂದೇ ಒಂದು ತಯಾರಿಯ ಗುಟ್ಟು ಹೇಳುತ್ತೇನೆ: ಹಿಂದಿನ ಚಕ್ರದಲ್ಲಿ ಹದಿನೆಂಟು ಹಲ್ಲಿನ ಫ್ರೀವೀಲ್ ತೆಗೆದು ಇಪ್ಪತ್ತೆರಡು ಹಲ್ಲಿನದು ಹಾಕಿದ್ದೆ. ಬಯಲಿನಲ್ಲಿ ಸುಮ್ಮನೆ ಕಾಲು ತಿರುಗಿಸಿದಂತೆ ಆಗುತ್ತದೆ, ಜನ ನಗುತ್ತಾರೆ. ಏರಿನಲ್ಲಿ ನಗುವ ಸರದಿ ನಮ್ಮದು. ಮಾದೇವನ ಸೈಕಲ್ಲಿಗೂ ಹಾಕಿಕೊಡುತ್ತೇನೆಂದೆ. "ನಂಗ್ಯಾಕ? ನಾ ಎಂಗಿದ್ರೂ ತಳ್ಳವ್ನು" ಎಂದ.

ತಿರುವು ಎಣಿಸಲು ಅವನದೇ ಏರ್ಪಾಡು ಇತ್ತು. ಅಂಗಿಯ ಜೇಬಿನಲ್ಲಿ ಲೆಕ್ಕವಾಗಿ ಹದಿನೆಂಟು ಹುರಿದ ಕಡಲೆಕಾಯಿ. ತಿರುವಿಗೊಂದು ತಿನ್ನುವುದು. ಜೇಬು ಖಾಲಿಯಾದಾಗ ಬೆಟ್ಟವೂ ಮುಗಿಯಿತು.

ಹದಿನೆಂಟು ತಿರುವು

ಬೆಳ್ಳಂಬೆಳಗ್ಗೆ ಹೊರಟೆವು. ಗದ್ದೆಗಳು ಹಿಂದೆ ಉಳಿದು, ಎದುರಿಗೆ ಬೆಟ್ಟದ ಗೋಡೆ ಎದ್ದು ನಿಂತಿತು. ಮೊದಲ ತಿರುವಿನಲ್ಲಿ ಎದ್ದು ನಿಂತು ತುಳಿದೆ. ಎರಡನೆಯದರಲ್ಲಿ ಕೂತು ತುಳಿದೆ. ಮೂರನೆಯದರಲ್ಲಿ ಹಾಡಲು ಹೊರಟು, ಉಸಿರು ಉಳಿಸಿಕೊಳ್ಳುವುದೇ ಲಾಭವೆಂದು ಬಾಯಿ ಮುಚ್ಚಿದೆ.

ಗೇರಿಲ್ಲದೆ ಹತ್ತುವವರು ನೇರವಾಗಿ ಹತ್ತಬಾರದು. ರಸ್ತೆಯ ಈ ಅಂಚಿನಿಂದ ಆ ಅಂಚಿಗೆ, ಅಲ್ಲಿಂದ ಈ ಅಂಚಿಗೆ, ಅಡ್ಡಡ್ಡ ಹೋಗುತ್ತಿರಬೇಕು. ದೂರ ಹೆಚ್ಚಾಗುತ್ತದೆ, ಏರು ಕಡಿಮೆಯಾಗುತ್ತದೆ. ಕೊಳ್ಳೇಗಾಲದ ರಸ್ತೆಯಲ್ಲಿ ಹೀಗೆ ಹೋದರೆ ಲಾರಿಯವನು ನಿಮ್ಮ ಏಳು ತಲೆಮಾರನ್ನು ನೆನೆಯುತ್ತಾನೆ. ಇಲ್ಲಿ ಹಿಂದೆ ಬಂದ ಲಾರಿ ತಾಳ್ಮೆಯಿಂದ ಕಾದು, ದಾಟುವಾಗ ಒಂದು ಪುಟ್ಟ ಹಾರ್ನ್ ಬಾರಿಸಿ ಹೋಯಿತು. ಅದು ಬೈಗುಳವಲ್ಲ, ಭೇಷ್ ಎಂದದ್ದು ಎಂದು ತಿಳಿಯಲು ನನಗೆ ನಾಲ್ಕು ಲಾರಿ ಬೇಕಾದವು.

ಮಾದೇವ ಮೊದಲನೇ ತಿರುವಿನಲ್ಲೇ ಇಳಿದು ಸೈಕಲ್ ತಳ್ಳತೊಡಗಿದ್ದ. ನಾನು ಅಡ್ಡಡ್ಡ ತುಳಿಯುವ ವೇಗವೂ ಅವನು ನೇರ ನಡೆಯುವ ವೇಗವೂ ಸರಿಸಮ.

"ಬಾವ."

"ಮಾತಾಡಿಸ್ಬೇಡ."

"ನಾ ನಡ್ಕಂಡ್ ಬತ್ತಾ ಇವ್ನಿ, ನೀ ತುಳ್ಕಂಡ್ ಬತ್ತಾ ಇದ್ದೀಯ. ಇಬ್ರೂ ಒಟ್ಗೇ ಇದ್ದೀವಿ. ಅಂದ್ಮೇಲ ಈ ಸೈಕಲ್ ಯಾಕ್ ಬೇಕಾಗಿತ್ತು?"

"ಎಷ್ಟನೇದು ಹೇಳು."

"ಬಾಯಾಗಿರದು ಏಳು."

ಏಳನೇ ತಿರುವಿನ ಗೋಡೆಯ ಮೇಲೆ ಕೋತಿಗಳು ಕೂತಿದ್ದವು. ಬೈತಲೆ ತೆಗೆದು ಬಾಚಿದಂತೆ ಕ್ರಾಪು, ಥೇಟು ನಮ್ಮ ಕೋತಿಗಳೇ. ಒಂದು ಇಳಿದು ಬಂದು ಮಾದೇವನ ಕ್ಯಾರಿಯರ್‌ನಲ್ಲಿದ್ದ ಹುರಿಹಿಟ್ಟಿನ ಪೊಟ್ಟಣ ಎತ್ತಿಕೊಂಡು ಹೋಯಿತು. ಗೋಡೆಯ ಮೇಲೆ ಕೂತು ಹರಿಯಿತು. ಹಿಟ್ಟು ಮುಖಕ್ಕೆಲ್ಲ ಹಾರಿ, ಸೀನಿತು. ಸೀನಿದ ಕೋತಿಯನ್ನು ನಾನು ನೋಡಿರಲಿಲ್ಲ. ನಕ್ಕು ನಕ್ಕು ಕಾಲಿನ ಶಕ್ತಿಯೆಲ್ಲ ಸೋರಿ ಹೋಗಿ, ಅಲ್ಲೇ ಕಾಲು ಊರಿ ನಿಂತು ಹತ್ತು ನಿಮಿಷ ಸುಧಾರಿಸಿಕೊಂಡೆ. ಷರತ್ತಿನಲ್ಲಿ ನಿಲ್ಲಲು ಅಡ್ಡಿಯಿರಲಿಲ್ಲ.

ಹನ್ನೆರಡು, ಹದಿಮೂರು. ಕೆಳಗೆ ಬಯಲು ಹಾಸಿದ ಚಾಪೆಯಂತೆ ಚಿಕ್ಕದಾಗುತ್ತಾ ಹೋಯಿತು. ಹದಿನಾರರಲ್ಲಿ ತೊಡೆ ನಡುಗಿತು. ಹದಿನೇಳರಲ್ಲಿ ಗಂಟಲಿಗೆ ಬಂದದ್ದು ಉಸಿರೋ ಹೃದಯವೋ ತಿಳಿಯಲಿಲ್ಲ. ಮಾದೇವ ಕೊನೆಯ ಕಡಲೆಕಾಯಿಯನ್ನು ಎತ್ತಿ ತೋರಿಸಿ, "ಅದ್ನೆಂಟು!" ಎಂದು ಕೂಗಿ, ಸಿಪ್ಪೆ ಒಡೆದು ಬಾಯಿಗೆ ಎಸೆದುಕೊಂಡ.

ಗೆದ್ದೆ! ಬೋರ್ಡು ಉಳಿಯಿತು! ಸೈಕಲ್ಲಿನಿಂದ ಇಳಿದೆ. ಚಪ್ಪಲಿ ಕಳಚಿ ಹ್ಯಾಂಡಲ್ಲಿಗೆ ಸಿಕ್ಕಿಸಿದೆ. ಮಾದಪ್ಪ ಸಮುದ್ರದಾಚೆ ಇದ್ದರೂ ಆ ದಿಕ್ಕಿಗೆ ತಿರುಗಿ ಕೈಮುಗಿದೆ. ಇಬ್ಬರೂ "ಉಘೇ" ಎಂದು ಬೆಟ್ಟವೇ ಬೆಚ್ಚುವಂತೆ ಕೂಗಿ, ಮುಂದೆ ಕಾಣುತ್ತಿದ್ದ ಟೀ ಅಂಗಡಿಯವರೆಗೆ ಸೈಕಲ್ ತಳ್ಳಿಕೊಂಡು, ರಾಜರಂತೆ ನಡೆದೆವು.

ರಜಾಕ್ ಅವರ ಟೀ ಅಂಗಡಿ

ಅಂಗಡಿಯ ರಜಾಕ್ ತಮಿಳು ಮಾತಾಡುವ ಸಾಬರು, ನನ್ನದೇ ವಯಸ್ಸು. ಶುಂಠಿ ಹಾಕಿದ ಟೀ, ಅಂಗೈಗೆ ಬೆಲ್ಲ ಕೊಟ್ಟರು. ಬೆಟ್ಟ ಮುಗಿಸಿದ್ದಕ್ಕೆ ಸುತ್ತಲಿದ್ದವರಿಗೆಲ್ಲ ನನ್ನ ಕಡೆಯಿಂದ ಟೀ ಎಂದೆ. ಚೌಕಾಸಿ ಮಾಡುವ ನನ್ನ ಬಾಯಲ್ಲಿ ಅಂಥ ಮಾತು ಬರುವುದು ಅಪರೂಪ.

ಮಾದೇವ ಅದನ್ನು ತಮಿಳಿನಲ್ಲಿ ಹೇಳಿದ. ರಜಾಕ್ ನನ್ನ ಮುಖ ನೋಡಿದರು, ಸೈಕಲ್ ನೋಡಿದರು.

"ಬೆಟ್ಟ ಎಲ್ಲಿ ಮುಗಿಯಿತು ಅಣ್ಣೆ? ಮುಗಿದದ್ದು ತಿರುವು. ಹುನ್ನಸ್‌ಗಿರಿಯವರೆಗೂ ಏತ್ತಂ ಇದೆಯಲ್ಲ!"

ಏತ್ತಂ ಎಂದರೆ ಏರು. ಅದನ್ನು ಮಾದೇವ ಕನ್ನಡಕ್ಕೆ ತರಬೇಕಾಗಲಿಲ್ಲ. ಅಂಗಡಿಯ ಮುಂದಿನ ರಸ್ತೆಯನ್ನು ಆಗ ಸರಿಯಾಗಿ ನೋಡಿದೆ. ಅದು ಸುತ್ತು ಹಾಕದೆ, ನಾಚಿಕೆಯಿಲ್ಲದೆ, ನೇರವಾಗಿ ಮೇಲೆಯೇ ಹೋಗುತ್ತಿತ್ತು.

ಬೆಲ್ಲ ಬಾಯಲ್ಲೇ ಉಳಿಯಿತು. ನಮ್ಮೂರಿನಲ್ಲಿ ತಿರುವು ಮುಗಿದರೆ ಬೆಟ್ಟ ಮುಗಿಯುತ್ತದೆ. ಇಲ್ಲಿಯವರು ತಿರುವಿಗೆ ಮಾತ್ರ ಹೆಸರಿಟ್ಟಿದ್ದಾರೆ, ಬೆಟ್ಟಕ್ಕಲ್ಲ. ನಾನು ಹದಿನೆಂಟು ಕೊಂಡುಕೊಂಡು ಪೂರಾ ಬೆಟ್ಟ ಕೊಂಡೆನೆಂದು ತಿಳಿದಿದ್ದೆ.

ಮಾದೇವ ಲೋಟ ಕೆಳಗಿಟ್ಟ. "ಬಾವ, ನೀ ತಳ್ದೆ."

"ಏನು?"

"ಬೆಟ್ಟ ಮುಗಿಯಕ್ಕ ಮುಂಚೆ ಇಳ್ದು ತಳ್ಕಂಡ್ ಬಂದೆ. ಇರು, ಬತ್ತೀನಿ." ಎದ್ದು ಹದಿನೆಂಟನೇ ತಿರುವಿನವರೆಗೆ ಹೋಗಿ, ಬದು ಅಳೆಯುವ ಗತ್ತಿನಲ್ಲಿ ಹೆಜ್ಜೆ ಹಾಕುತ್ತಾ ವಾಪಸ್ ಬಂದ. "ನಲ್ವತ್ತೊಂದ್ ಎಜ್ಜೆ."

"ಲೇ ಮಾದೇವ, ಅದು ದೇವರಿಗೆ ಇಳಿದದ್ದು ಕಣ್ಲಾ! ನೀನೂ ಇಳಿದೆ, ನೀನೂ ಉಘೇ ಅಂದೆ!"

"ನಂಗ ಷರತ್ತಿಲ್ವಲ್ಲ."

"ನಾನು ಬರೆದದ್ದು ತಿರುವು ಮುಗಿಯುವವರೆಗೆ ಅಂತ."

ಅವನು ಜೇಬಿನಿಂದ ಒಪ್ಪಂದದ ಬಿಲ್ ಹಾಳೆ ತೆಗೆದು ಬಿಡಿಸಿ, ಒಂದು ಪದದ ಮೇಲೆ ಬೆರಳಿಟ್ಟ. ಬೆಟ್ಟ. ನನ್ನದೇ ದುಂಡು ಅಕ್ಷರ.

ಇನ್ನು ನನ್ನ ಕಸುಬಿಗೆ ಇಳಿದೆ. ಆ ನಲವತ್ತೊಂದು ಹೆಜ್ಜೆ ವಾಪಸ್ ಹೋಗಿ ಹದಿನೆಂಟರಿಂದ ಮತ್ತೆ ಹತ್ತುತ್ತೇನೆ ಎಂದೆ. ಮಾದೇವ ತಲೆಯಾಡಿಸಿದ. ಹದಿನೈದರಿಂದ? ಇಲ್ಲ. ಹತ್ತರಿಂದ, ಕೊನೆಯ ಮಾತು? ಇಲ್ಲ. ರಜಾಕ್ ನಡುವೆ ಬಂದು, ಹತ್ತೂ ಬೇಡ, ಒಂಬತ್ತು ಮಾಡಿಕೊಳ್ಳಿ ಎಂದು ರಾಜಿ ಹೇಳಿದರು. ಟೀ ಕುಡಿಯುತ್ತಿದ್ದವರೂ ಅವರವರ ಭಾಷೆಯಲ್ಲಿ ಒಂದೊಂದು ಸಂಖ್ಯೆ ಕೂಗಿದರು. ಇಷ್ಟು ವರ್ಷ ಅಂಗಡಿ ನಡೆಸಿದ್ದೇನೆ, ಎಂಥೆಂಥ ಗಿರಾಕಿಗಳನ್ನು ಬಗ್ಗಿಸಿದ್ದೇನೆ. ಇವನೊಬ್ಬ ಬಗ್ಗಲಿಲ್ಲ.

"ಒಂದ್ನೇ ತಿರುವು ಬಾವ. ಒಂದೇ ರೇಟು."

"ಹಾಗಾದರೆ ನೀನೂ ಇಳಿ, ಬಂದು ನೋಡು."

"ನಾ ಬರಕಿಲ್ಲ. ಕಾಲು ನೋಯ್ತದ. ಈ ಸಾಬ್ರು ಮನ ಜಗ್ಲಿ ಮ್ಯಾಲ ಮಲಗ್ತೀನಿ. ನೀ ಓಗ್ಬುಟ್ಟು ನಾಳ ಬಾ."

"ಮಧ್ಯದಲ್ಲಿ ನಾನು ತಳ್ಳಿದರೆ ನಿನಗೇನು ಗೊತ್ತಾಗುತ್ತೆ?"

"ಬಂದ್ಮೇಲ ಕೇಳ್ತೀನಿ."

ರಜಾಕ್ ನನ್ನನ್ನು ಬದಿಗೆ ಕರೆದು, ಇಲ್ಲೇ ಹತ್ತಿರದ ಬಂಡೆಯ ಹಿಂದೆ ಮಲಗಿದ್ದು ನಾಳೆ ಬಂದರೂ ನಡೆಯುತ್ತದೆ ಎಂದು ಕೈಸನ್ನೆಯಲ್ಲೇ ತಿಳಿಸಿಕೊಟ್ಟರು. ಒಳ್ಳೆಯ ಮನುಷ್ಯ. ನನಗೂ ಅದೇ ಹೊಳೆದಿತ್ತು. ಆದರೆ ಯೋಚನೆ ಮಾಡಿ. ಪ್ರತಿ ಸೈಕಲ್ ಮಾರುವಾಗಲೂ ನಾನು ಗಿರಾಕಿಗೆ ಹೇಳುವುದು ಒಂದೇ ಮಾತು: 'ನಾನೇ ಹತ್ತಿ ನೋಡಿದ್ದೀನಿ ಸಾರ್.' ಬೆಲೆಯಲ್ಲಿ ಎಷ್ಟಾದರೂ ಎಳೆದಾಡಿದ್ದೇನೆ, ಆ ಮಾತಿನಲ್ಲಿ ಇವತ್ತಿನವರೆಗೆ ಕಲಬೆರಕೆ ಇಲ್ಲ. ಅಂಗಡಿಗೆ ಮೂರು ಶಟರ್ ಬಂದದ್ದೇ ಅದರಿಂದ. ಅದು ಹೋದರೆ ಬೋರ್ಡು ಉಳಿದು ಏನು ಪ್ರಯೋಜನ?

ಸೈಕಲ್ ತಿರುಗಿಸಿದೆ.

ಮತ್ತೆ ಕೆಳಗೆ, ಮತ್ತೆ ಮೇಲೆ

ಅಯ್ಯೋ, ಆ ಇಳಿಜಾರು! ಯಾರಾದರೂ ಮೊದಲೇ ಹೇಳಿದ್ದರೆ ನಾನು ಇನ್ನೂ ಬೇಗ ಸೋಲುತ್ತಿದ್ದೆ. ಹದಿನೆಂಟು ತಿರುವೂ ಹಿಂದುಮುಂದಾಗಿ ಬಂದವು. ಅಂಗಿ ಬೆನ್ನ ಹಿಂದೆ ಬಲೂನಿನಂತೆ ಉಬ್ಬಿತು. ಕೋತಿಗಳು ಗುರುತು ಹಿಡಿದು ಎದ್ದು ನಿಂತವು. ಬೆಳಗ್ಗೆ ಭೇಷ್ ಎಂದಿದ್ದ ಲಾರಿಯವನೊಬ್ಬ ಎದುರಿಗೆ ಸಿಕ್ಕಿ, ಇವನಿಗೇನಾಯಿತು ಎಂಬಂತೆ ಎರಡೂ ಕೈ ಬಿಟ್ಟು ಕೇಳಿದ. ನಾನೂ ಒಂದು ಕೈ ಬಿಟ್ಟು ಬೀಸಿದೆ. ಬ್ರೇಕ್ ರಬ್ಬರ್ ಸುಟ್ಟ ವಾಸನೆ ಬರುತ್ತಿತ್ತು. ಐವತ್ತು ದಾಟಿದ ಮೇಲೆ ನಾನು ಅಷ್ಟು ಜೋರಾಗಿ ಒಬ್ಬನೇ ಕಿರುಚಿದ್ದು ಅದೇ ಮೊದಲು.

ಆ ರಾತ್ರಿ ಮಹಿಯಂಗನದ ಅದೇ ಮನೆಯಲ್ಲಿ ಮಲಗಿದೆ. ಬೆಳಗಾಯಿತು. ಮತ್ತೆ ಒಂದನೇ ತಿರುವು.

ಒಬ್ಬನೇ ಹತ್ತುವಾಗ ಬೆಟ್ಟ ಉದ್ದವಾಗುತ್ತದೆ. ಆರನೇ ತಿರುವಿನ ಬಳಿ ಒಬ್ಬ ಆಟೋದವನು ನಿಧಾನ ಮಾಡಿ, ಹಿಂದಿನ ಕಂಬಿ ಹಿಡಿದುಕೋ ಎಂದು ತೋರಿಸಿದ. ಕೈಮುಗಿದು ಬೇಡವೆಂದೆ. ಹನ್ನೊಂದರಲ್ಲಿ ಚೈನು ಕಳಚಿತು. ಇಳಿಯಲೇಬೇಕು. ಪಂಕ್ಚರ್ ಗುರುತಿಗೆಂದು ಜೇಬಿನಲ್ಲಿ ಸದಾ ಇರುವ ಸೀಮೆಸುಣ್ಣದಿಂದ ಮುಂದಿನ ಚಕ್ರದಡಿ ರಸ್ತೆಗೆ ಗೀಟು ಎಳೆದು ಚೈನು ಹಾಕಿದೆ. ಆದರೆ ನಿಂತದ್ದು ಎಂಥ ಜಾಗ! ಕಡಿದಾದ ತಿರುವಿನ ಒಳಮಗ್ಗಲು. ಹತ್ತಿ ತುಳಿದರೆ ಸೈಕಲ್ ಕದಲದು. ನಾಲ್ಕೇ ನಾಲ್ಕು ಹೆಜ್ಜೆ ತಳ್ಳಿದರೆ ಮುಂದೆ ಸಪಾಟು ಜಾಗವಿದೆ, ಅಲ್ಲಿಂದ ಸುಲಭ.

ಸುತ್ತ ನೋಡಿದೆ. ಒಂದು ನರಪಿಳ್ಳೆ ಇಲ್ಲ. ಒಂದು ಕೋತಿ ಇತ್ತು. ಅದಕ್ಕೆ ಕನ್ನಡ ಬಾರದು.

ಮಾದೇವನೇ ಎದುರಿಗಿದ್ದಿದ್ದರೆ ಜಗಳ ಮಾಡಿ ಆ ನಾಲ್ಕು ಹೆಜ್ಜೆ ಗಿಟ್ಟಿಸಿಕೊಳ್ಳುತ್ತಿದ್ದೆನೋ ಏನೋ. ಅವನಿಲ್ಲದ್ದರಿಂದ ಆಗಲಿಲ್ಲ. ಚೌಕಾಸಿಗೆ ಎರಡು ಕಡೆಯವರು ಬೇಕು. ಸೈಕಲ್ಲನ್ನು ಗೀಟಿನ ಮೇಲೆಯೇ ಅಡ್ಡ ತಿರುಗಿಸಿ, ಮೂತಿಯನ್ನು ತುಸು ಇಳಿಜಾರಿಗೆ ಮಾಡಿ, ಹತ್ತಿ, ಎರಡು ಮಾರು ಕೆಳಗೆ ಹೋಗಿ, ಆ ಓಟದಲ್ಲೇ ಗುಂಡಗೆ ತಿರುಗಿಸಿ ಮೇಲಕ್ಕೆ ತುಳಿದೆ. ಚಕ್ರ ಗೀಟು ದಾಟಿತು. ಕೋತಿ ಚಪ್ಪಾಳೆ ತಟ್ಟಿತೆಂದು ಬರೆದರೆ ನೀವು ನಂಬುವುದಿಲ್ಲ. ತಲೆಯನ್ನಂತೂ ಕೆರೆದುಕೊಂಡಿತು.

ಹದಿನೆಂಟು ದಾಟಿದಾಗ ಕಾಲು ತಾನಾಗಿಯೇ ಇಳಿಯಲು ಹೊರಟಿತು. "ಇಳೀಬ್ಯಾಡ ಬಾವಾ!" ಎಂಬ ಕೂಗು ಕೇಳಿಸಿತು. ಟೀ ಅಂಗಡಿಯ ಮುಂದೆ ಹತ್ತು ಹದಿನೈದು ಜನ ನಿಂತಿದ್ದರು. ರಾತ್ರಿಯ ಹೊತ್ತಿಗೆ ಮಾದೇವ ಇಡೀ ಕತೆಯನ್ನು ತಮಿಳಿನಲ್ಲಿ ಹರಡಿದ್ದ. ರಜಾಕ್ ಓಡಿಬಂದು, ನಾನು ತುಳಿಯುತ್ತಿದ್ದಂತೆಯೇ ಬಾಯಿಗೆ ಬೆಲ್ಲದ ಚೂರು ಇಟ್ಟರು. ಮಾದೇವ ತನ್ನ ಸೈಕಲ್ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದ.

"ತಳ್ದ್ಯಾ?"

"ಇಲ್ಲ ಕಣ್ಲಾ."

"ಸರಿ."

ಅಷ್ಟೇ. ಎರಡನೇ ಸಲ ಕೇಳಲಿಲ್ಲ.

ಹುನ್ನಸ್‌ಗಿರಿಯ

ಮುಂದಿನ ದಾರಿ ಪಕ್ಕಾ ವ್ಯಾಪಾರಿಯದು. ಸ್ವಲ್ಪ ಇಳಿಸುತ್ತದೆ, ಹೆಚ್ಚು ಏರಿಸುತ್ತದೆ. ಇಳಿದಾಗಲೆಲ್ಲ ನಾನು ಕೈ ಎತ್ತಿ ಕೂಗುವುದು, ಮರುಕ್ಷಣ ಏರು ಎದುರಾಗಿ ಕೈ ಇಳಿಸುವುದು. ಗೆಲುವನ್ನು ನಾಲ್ಕು ಸಲ ಆಚರಿಸಿ ನಾಲ್ಕು ಸಲ ವಾಪಸ್ ತೆಗೆದುಕೊಂಡೆ. ಬೆಟ್ಟ ತಂಪಾಗುತ್ತಾ, ಮಂಜು ಮುಖಕ್ಕೆ ಮುಟ್ಟುತ್ತಾ, ಕೊನೆಗೆ ಹುನ್ನಸ್‌ಗಿರಿಯದ ಪುಟ್ಟ ಪೇಟೆ ಬಂತು.

ಗೋಪುರವಿಲ್ಲ, ಕಾಯಿ ಒಡೆಯುವ ಕಲ್ಲಿಲ್ಲ. ಹಣ್ಣಿನ ಅಂಗಡಿ, ಔಷಧಿ ಅಂಗಡಿ, ಬಸ್ಸು ಕಾಯುವ ಜನ. ಬೆಟ್ಟ ಎಲ್ಲಿ ಮುಗಿಯಿತು ಎಂದು ಹೇಳುವವರು ಯಾರು? ನಿನ್ನೆಯ ಪೆಟ್ಟು ನೆನಪಿತ್ತು. ನಾನು ಸೈಕಲ್ಲಿನಿಂದ ಇಳಿಯಲಿಲ್ಲ, ಒಂದು ಕಾಲು ಊರಿ ನಿಂತೆ.

"ತೀರ್ಪು ಹೇಳು."

ಮಾದೇವ ಜೇಬಿಗೆ ಕೈ ಹಾಕಿದ. ರಜಾಕ್ ಕೊಟ್ಟ ಕಡಲೆಕಾಯಿ ಇತ್ತು. ಸಿಪ್ಪೆ ಒಡೆದು ಕಾಳು ತೆಗೆದು, ಹೊಟ್ಟು ಊದಿ, ಟಾರು ರಸ್ತೆಯ ಮೇಲಿಟ್ಟು ಕುಕ್ಕರಗಾಲಿನಲ್ಲಿ ಕೂತ. ಕಾಳು ನಾವು ಬಂದ ದಿಕ್ಕಿಗೆ, ನಮ್ಮ ಕಡೆಗೇ ಉರುಳಿತು. "ಇನ್ನೂ ಅದ" ಎಂದ. ಹತ್ತು ಮಾರು ತುಳಿದೆ. ಮತ್ತೆ ಇಟ್ಟ. ಮತ್ತೆ ನಮ್ಮ ಕಡೆಗೆ. ಔಷಧಿ ಅಂಗಡಿಯವರು ಹೊರಗೆ ಬಂದರು. ಬಸ್ಸು ಕಾಯುವವರು ಸಾಲಾಗಿ ನಿಂತರು. ಏನು ನಡೆಯುತ್ತಿದೆಯೆಂದು ಯಾರಿಗೂ ತಿಳಿಯದು, ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಮೂರನೇ ಸಲ ಕಾಳು ಇಟ್ಟಲ್ಲೇ ಕೂತಿತು. ಅಲ್ಲಾಡಿತು. ಯೋಚಿಸಿತು. ಆಮೇಲೆ ಕ್ಯಾಂಡಿಯ ಕಡೆಗೆ ಮೆಲ್ಲಗೆ ಉರುಳತೊಡಗಿತು. ಉರುಳುತ್ತಾ ವೇಗ ಹಿಡಿಯಿತು. ಮಾದೇವ ಲುಂಗಿ ಎತ್ತಿಕಟ್ಟಿ ಅದರ ಹಿಂದೆ ಓಡಿದ. ಬಸ್ಸಿನವನು ಬ್ರೇಕ್ ಹಾಕಿದ. ಹಿಡಿದು, ಎತ್ತಿ, ಜನಕ್ಕೆಲ್ಲ ತೋರಿಸಿ, ಬಾಯಿಗೆ ಹಾಕಿಕೊಂಡು ಕೂಗಿದ:

"ಮುಗೀತು ಬಾವ! ಇಳಿ!"

"ಹರಿ! ಹರಿ!" ಎಂದು ಪೇಟೆಯೇ ಕೂಗಿತು. ನಾನು ಇಳಿದೆ. ಚಪ್ಪಲಿ ಕಳಚಿದೆ.

ಮತ್ತೆ ಕೊಳ್ಳೇಗಾಲ

"ಮಾವ, ಅಪ್ಪ ತಳ್ಳಿದ್ರಾ?" ಸುಷ್ಮಾ ಕೇಳಿದಳು.

"ಒಂದ್ಕಿತ ತಳ್ದ. ಒಂದ್ಕಿತ ತಳ್ನಿಲ್ಲ" ಎಂದು ಮಾದೇವ ಒಂದೂ ಬಿಡದೆ ಎಲ್ಲ ಹೇಳಿದ, ನಲವತ್ತೊಂದು ಹೆಜ್ಜೆ ಸಮೇತ.

"ಮೊದಲ ಸಲಾನೇ ಸೋತ್ರಲ್ಲ ಅಪ್ಪಾ. ಎರಡನೇ ಸಲ ಅಂತ ಒಪ್ಪಂದದಲ್ಲಿ ಎಲ್ಲಿದೆ?"

"ಒಂದೇ ಸಲ ಅಂತ ಎಲ್ಲಿದೆ?"

ಅವಳು ನನ್ನ ಹೆಗಲಿನ ಟವೆಲ್ ಎಳೆದು ಗಲ್ಲಾದ ಮೇಲೆ ಹಾಸಿ, ಅದರಡಿ ಕೈ ಚಾಚಿದಳು. ದನದ ವ್ಯಾಪಾರದವರು ಮಾಡುವಂತೆ, ಬಟ್ಟೆಯ ಕೆಳಗೆ ಬೆರಳು ಹಿಡಿದು ಒಪ್ಪುವುದು. ಇದನ್ನು ಅವಳು ಯಾವಾಗ ಕಲಿತಳೋ! ಎಷ್ಟು ಗೇರ್ ಸೈಕಲ್ ಇಡುವುದು ಎಂಬುದಕ್ಕೆ ಅವಳು ಐದೂ ಬೆರಳು ಹಿಡಿದಳು. ನಾನು ಒಂದು ಕೊಟ್ಟೆ. ಅವಳು ಬಿಡಲಿಲ್ಲ. ಕೈ ಬೆವರಿತು. ಮೂರಕ್ಕೆ ನಿಂತಿತು. ಮೂರು ಗೇರ್ ಸೈಕಲ್, ಹಿಂದಿನ ಗೋಡೆಗೆ. ಬೋರ್ಡು ಇಳಿಯುವುದಿಲ್ಲ, ಆದರೆ ಕೆಳಗೆ ಅವಳ ಒಂದು ಸಾಲು ಸೇರುತ್ತದೆ. ಈಗ ನೀವು ನಮ್ಮ ಅಂಗಡಿಯ ಮುಂದೆ ನಿಂತರೆ ಓದಬಹುದು: 'ಗೇರ್ ಬೇಕಿಲ್ಲ. ಕಾಲಿದ್ದರೆ ಸಾಕು. ಬೇಕೇ ಬೇಕೆನ್ನುವವರು ಒಳಗೆ ಬನ್ನಿ.'

ಮೂರೂ ಸೈಕಲ್ ಬಂದ ದಿನ ಮಧ್ಯಾಹ್ನ ಮೊದಲ ಗಿರಾಕಿ ಬಂದ. ನನ್ನ ಕಡೆ ತಿರುಗದೆ ನೇರ ಹಿಂದಿನ ಗೋಡೆಗೆ ಹೋಗಿ, ಗೇರಿನ ಗುಂಡಿಯನ್ನು ಟಿಕ್ ಟಿಕ್ ಎನ್ನಿಸಿ ನೋಡಿದ.

"ಲೇ ಮಾದೇವ! ನೀನಾ?"

"ಅದ್ನೆಂಟು ತಿರುವೂ ತಳ್ದವ್ನು ನಾನು. ನೋವು ಎಂಗಿರ್ತದ ಅಂತ ನಿಂಗೇನ್ ಗೊತ್ತು ಬಾವ?" ಎಂದು ಸೀಟು ಒತ್ತಿ ನೋಡಿ, ಟವೆಲ್ ತೆಗೆದು ನನ್ನ ಮುಂದೆ ಹಾಸಿದ. "ಬಾ, ಕೈ ಕೊಡು. ನಾ ಬಗ್ಗಕಿಲ್ಲ ಅಂತ ಗೊತ್ತಲ್ಲ ನಿಂಗ."